ಅಂಟಿಗೆ ಆತುರ ಆಗದು ಎನ್ನುವ ಮೆಟಿಲ್ಡಾ

ಬೆಳಗಿನ ಐದು ಗಂಟೆ. ದುಬೈಯ ಅಲ್ ಕುಸೈಸ್‌ನ ಕಾರ್ಖಾನೆಯೊಂದರಲ್ಲಿ ಮೆಟಿಲ್ಡಾ ಪ್ಲಾಸ್ಟಿಕ್ ಚೀಲವೊಂದನ್ನು ಬಟ್ಟೆಯಿಂದ ಒರೆಸಿ, ಅದನ್ನೇ ನೋಡುತ್ತಾ ನಿಂತಿದ್ದಾರೆ. ಎರಡು ನಿಮಿಷಕ್ಕೆ ಚೀಲದ ಮೇಲೆ ಮತ್ತೆ ನೀರಹನಿ. "ಇನ್ನೂ ತಣ್ಣಗುಂಟು," ಎಂದು ಸ್ಟೂಲಿನ ಮೇಲೆ ಕುಸಿಯುತ್ತಾರೆ. ಮೂರೂವರೆಗೆ ಎದ್ದ ಕಣ್ಣುಗಳು ಕೆಂಪಗಿವೆ.

ಚೀಲದಲ್ಲಿರುವುದು ಫ್ರೀಜರಿನಲ್ಲಿಡುವ ಅಂಟಿನ ಹಾಳೆಯ ಸುರುಳಿ. ಜೇನುಹುಟ್ಟಿನಂಥ ಅಲ್ಯೂಮಿನಿಯಂ ಜಾಲರಿಯ ಮೇಲೂ ಕೆಳಗೂ ಈ ಹಾಳೆ ಹಾಸಿ, ತಗಡು ಮುಚ್ಚಿ, ನೂರಿಪ್ಪತ್ತು ಡಿಗ್ರಿಯ ಓವನ್‌ನಲ್ಲಿ ಒಂದೂವರೆ ಗಂಟೆ ಬೇಯಿಸಿದರೆ ವಿಮಾನದ ನೆಲಕ್ಕೆ ಹಾಸುವ ಹಲಗೆ ಸಿದ್ಧ. ಸುರುಳಿಯ ಚಳಿ ಬಿಡುವ ಮೊದಲೇ ಚೀಲ ಬಿಚ್ಚಿದರೆ ಅಂಟಿಗೆ ಪಸೆ ಹಿಡಿಯುತ್ತದೆ. ಓವನ್‌ನಲ್ಲಿ ಆ ಪಸೆ ಆವಿಯಾಗಿ ಹಲಗೆ ಒಳಗೊಳಗೇ ಅಂಟು ಬಿಡುತ್ತದೆ.

ಉಡುಪಿ ಕಡೆಯ ಶಿರ್ವದ ಮೆಟಿಲ್ಡಾಗೆ ನಲವತ್ತೊಂಬತ್ತು. ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದು ಹದಿನಾರು ವರ್ಷ. ಒಂದು ಕೋಣೆಯಲ್ಲಿ ಆರು ಹೆಂಗಸರು. ದಿನಕ್ಕೆ ಎಂಟು ಹಲಗೆ, ಹನ್ನೊಂದು ಗಂಟೆ ನಿಂತೇ ಕೆಲಸ. ಮಗಳು ಜಾನಿಸ್‌ಳ ನರ್ಸಿಂಗ್ ಓದು ಮುಗಿಯಲು ಇನ್ನೆರಡು ವರ್ಷ. "ಕಾಲು ಬಿದ್ದುಹೋಗ್ತದೆ. ಎಂತ ಮಾಡುದು? ಅವಳದ್ದು ಮುಗಿಯುವ ತನಕ ನಿಲ್ಲಬೇಕಲ್ಲ?"

ನಿಲ್ಲಲು ಬಿಡುತ್ತಾರೋ ಎಂಬುದೇ ಈಗಿನ ಚಿಂತೆ. ಈ ತಿಂಗಳು ವೀಸಾ ನವೀಕರಣ. ಎರಡು ವಾರ್ನಿಂಗ್ ಪತ್ರ ಬಿದ್ದವರ ವೀಸಾ ಈ ಕಂಪನಿ ನವೀಕರಿಸುವುದು ಕಡಿಮೆ. ಮೆಟಿಲ್ಡಾಗೆ ಒಂದು ಬಿದ್ದಾಗಿದೆ.

ಸೂಪರ್‌ವೈಸರ್ ಡಿಕ್ಸನ್ ಓಡಿಬರುತ್ತಾರೆ. "ಮೆಟಿಲ್ಡಕ್ಕ, ಯಲ್ಲಾ, ಬೇಗ ಬೇಗ! ಒಂಬತ್ತಕ್ಕೆ ಲಾರಿ ಬರ್ತದೆ. ಬಿಚ್ಚಿ ಮಾರಾಯ್ರೆ."

"ರಾತ್ರಿ ಪಾಳಿಯವರು ಫ್ರೀಜರಿಂದ ಸುರುಳಿ ತೆಗ್ದದ್ದೇ ಎರಡು ಗಂಟೆಗೆ. ನೀವು ಬೈದ್ರೆ ಅದರ ಚಳಿ ಬಿಡ್ತದಾ?"

"ಮೇಲಿನವರು ನನ್ನನ್ನೂ ಬಿಡುದಿಲ್ಲ, ಅಕ್ಕ." ಡಿಕ್ಸನ್ ತಲೆ ತಗ್ಗಿಸುತ್ತಾರೆ. ಮೆಟಿಲ್ಡಾರ ಕೆಲಸ ನೋಡಲು ಬಂದ ನನಗೆ ಇಬ್ಬರ ಮೇಲೂ ಮರುಕ.

ಒರೆಸಿದ ಚೀಲ ಒಣಗಿಯೇ ಉಳಿದಾಗ ಎಂಟೂವರೆ. ಲಾರಿ ಖಾಲಿ ಹೋಗುತ್ತದೆ. ಮಧ್ಯಾಹ್ನ ಹಲಗೆ ಹೊರಬಂದು ಆರಿದ ಮೇಲೆ ಮೆಟಿಲ್ಡಾ ಒಂದು ದಿರ್ಹಮ್ ನಾಣ್ಯದಿಂದ ಅಂಗುಲ ಅಂಗುಲ ತಟ್ಟುತ್ತಾರೆ. ಅಂಟು ಬಿಟ್ಟಲ್ಲಿ ಸದ್ದು ಟೊಳ್ಳು. ಇವತ್ತು ಮೂಲೆಯಿಂದ ಮೂಲೆಗೆ ಒಂದೇ ಗಟ್ಟಿ ಸದ್ದು.

ಮೂರು ಗಂಟೆಗೆ ಡಿಕ್ಸನ್ ಎರಡನೆಯ ವಾರ್ನಿಂಗ್ ಪತ್ರ ತರುತ್ತಾರೆ: 'ಕೆಲಸದಲ್ಲಿ ವಿಳಂಬ.' ಮೆಟಿಲ್ಡಾ ಎರಡು ಸಲ ಓದಿ, ಪೆನ್ನನ್ನು ಡಿಕ್ಸನ್ ಕೈಗೇ ಕೊಡುತ್ತಾರೆ. "ಅಂಟು ತಣ್ಣಗಿತ್ತು ಅಂತ ಕೆಳಗೆ ಬರೀರಿ. ಬರೆದ ಮೇಲೆ ಸೈನ್ ಮಾಡ್ತೇನೆ." ಡಿಕ್ಸನ್ ಬರೆಯುತ್ತಾರೆ. ಮೆಟಿಲ್ಡಾ ಸಹಿ ಹಾಕುತ್ತಾರೆ.

ಮೊದಲ ಪತ್ರ ಯಾಕೆ ಬಂದಿತ್ತು ಎಂದು ನಾನು ಕೇಳಿದೆ.

"ಹೋದ ವರ್ಷ ಅರ್ಜೆಂಟ್ ಅಂತ ಬೇಗ ಬಿಚ್ಚಿದೆ. ಹಲಗೆ ಬಿಟ್ಟಿತು. ನಾನೇ ಹೋಗಿ ಹೇಳಿದ್ದು. ಆ ಪತ್ರಕ್ಕೆ ನಾಚಿಕೆ ಉಂಟು ನನಗೆ. ಇದನ್ನು ಬೇಕಾದ್ರೆ ಜಾನಿಸ್‌ಗೂ ತೋರಿಸ್ತೇನೆ."