ಸುಬ್ಬಿಯ ಮೊಸರನ್ನ

ಆಂಟಿಯ ಎರಡೂ ಮುಂಗೈ ಮೇಲೆ ಸದಾ ಅವರ ಬೆಕ್ಕು ಸುಬ್ಬಿ ಪರಚಿದ ಗೆರೆಗಳು, ಗೆರೆಗಳ ಮೇಲೆ ಮೆತ್ತಿದ ಅರಿಶಿನ. ಅದೇ ಕೈಯಲ್ಲಿ ಸಾರು ಬಡಿಸುತ್ತಿದ್ದರು. ಸಾರಿನಲ್ಲಿ ಕರಿಬೇವಿನ ಜೊತೆ ಒಂದೆರಡು ಬಿಳಿ ಕೂದಲು ತೇಲುತ್ತಿದ್ದವು. "ಗಾಬರಿಯಾಗ್ಬೇಡ, ಸುಬ್ಬೀದು ಕಣೇ, ನಂದಲ್ಲ," ಎನ್ನುತ್ತಿದ್ದರು, ಅದೇನೋ ಸಮಾಧಾನದ ಮಾತು ಎಂಬಂತೆ. ಥೂ! ನಾನು ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿಬಿಡುತ್ತಿದ್ದೆ.

ಹಿಲ್ಸ್‌ಬರೋದಲ್ಲಿ ಅವರದು ನಮ್ಮ ಪಕ್ಕದ ಮನೆ. ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ದುಡಿದು ರಿಟೈರ್ ಆದವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಾನು ಕೆಲಸಕ್ಕೆ ಮಾರಿಸ್‌ಟೌನಿಗೆ ಕಮ್ಯೂಟ್ ಮಾಡುತ್ತಿದ್ದಷ್ಟು ಕಾಲವೂ ನನ್ನ ಮಗಳನ್ನು ಸ್ಕೂಲ್ ಬಸ್ಸಿನಿಂದ ಇಳಿಸಿಕೊಂಡು ಊಟ ಹಾಕಿದವರು ಅವರೇ. ಹಾಗಾಗಿ ಅವರು ಆರ್‌ವಿ ಕೊಂಡು, "ಅರಿಝೋನಾ ಡೆಸರ್ಟ್ ನೋಡ್ಬೇಕು ಕಣೇ, ಅಷ್ಟು ದೂರ ನಾನೊಬ್ಳೇ ಡ್ರೈವ್ ಮಾಡಕ್ಕಾಗಲ್ಲ, ಬಾ," ಎಂದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. ಬೆಕ್ಕೂ ಬರುತ್ತದೆ ಎಂದು ಹೇಳಿದ್ದು ಹೊರಡುವ ದಿನ!

ಆರ್‌ವಿ ಎಂದರೆ ಚಕ್ರದ ಮೇಲಿನ ಮನೆಯಂತೆ. ನಮ್ಮದು ಚಕ್ರದ ಮೇಲಿನ ಬೆಕ್ಕಿನ ಕಕ್ಕಸು. ಸ್ನಾನದ ಜಾಗದಲ್ಲಿ ಸುಬ್ಬಿಯ ಮರಳಿನ ತಟ್ಟೆ. ನಾನು ಸ್ನಾನ ಮಾಡಬೇಕಾದರೆ ಅದನ್ನೆತ್ತಿ ಒಲೆಯ ಪಕ್ಕ ಇಡಬೇಕು. ಜಗತ್ತೆಲ್ಲ ಹೊಗಳುವ ಆ ಕೆಂಪು ಬಂಡೆಗಳನ್ನು ನಾನು ಮೂಗು ಮುಚ್ಚಿಕೊಂಡೇ ನೋಡಿದೆ.

ಇಷ್ಟಾದರೂ ಆಂಟಿಗೆ ಮಡಿ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟಿದವರಲ್ಲ. ಬೆಕ್ಕಿಗೂ ಅದೇ ವ್ರತ. ದಿನಾ ಮೊಸರನ್ನ ಕಿವುಚಿ ಇಡುವರು, ಹಬ್ಬಕ್ಕೆ ಪನೀರು. "ನಮ್ಮ ಸುಬ್ಬಿ ಪ್ಯೂರ್ ವೆಜಿಟೇರಿಯನ್," ಎಂದು ಆರ್‌ವಿ ನಿಲ್ಲಿಸುವ ಕ್ಯಾಂಪಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿ ಹಿಗ್ಗುವರು.

ಅರಿಝೋನಾ ಮುಟ್ಟಿದ ಮೇಲೆ ಸುಬ್ಬಿ ಮೆಟ್ಟಿಲು, ಕುರ್ಚಿಗಳಿಗೆ ಢಿಕ್ಕಿ ಹೊಡೆಯತೊಡಗಿತು. "ಬಿಸ್ಲಿಗೆ ಕಣ್ಣು ಕತ್ಲೆ ಬಂದಿರತ್ತೆ," ಎಂದರು ಆಂಟಿ. ಒಂದು ಮಧ್ಯಾಹ್ನ ಅದು ಏದುಸಿರು ಬಿಡುತ್ತ ಮಗುಚಿಕೊಂಡಿತು. ಎದ್ದೆವೋ ಬಿದ್ದೆವೋ ಎಂದು ಹತ್ತಿರದ ಊರಿನ ಪಶುವೈದ್ಯೆಯ ಬಳಿಗೆ ಓಡಿದೆವು. ಏನು ತಿನ್ನಿಸುತ್ತೀರಿ ಎಂದು ಆಕೆ ಕೇಳಿದಾಗ ಆಂಟಿ ಹೆಮ್ಮೆಯಿಂದಲೇ ಹೇಳಿದರು. ಆಕೆ ಪೆನ್ನು ಕೆಳಗಿಟ್ಟು ವಿವರಿಸಿದಳು: ಮಾಂಸದಲ್ಲಿರುವ ಸತ್ವವೊಂದು ಸಿಗದೆ ಬೆಕ್ಕಿನ ಹೃದಯ ಸೋತಿದೆ, ಕಣ್ಣೂ ಹೋಗಿದೆ, ಮಾಂಸ ತಿಂದರೆ ಬದುಕೀತು, ಕಣ್ಣು ಮಾತ್ರ ಮತ್ತೆ ಬರುವುದಿಲ್ಲ.

ನನ್ನ ಮೈ ಉರಿದುಹೋಯಿತು. ಜೀವಮಾನವೆಲ್ಲ ಲ್ಯಾಬಿನಲ್ಲಿ ಕಳೆದ ಹೆಂಗಸು! ಆ ಗಳಿಗೆಯಲ್ಲಿ ಬೆಕ್ಕಿಗಿಂತ ಆಂಟಿಯೇ ನನಗೆ ಹೇಸಿಗೆಯಾದರು.

ಆರ್‌ವಿಗೆ ಮರಳಿ ಬಂದ ಮೇಲೆ ಕೋಳಿ ಮಾಂಸದ ಡಬ್ಬಿಯನ್ನು ನನ್ನ ಮುಂದಿಟ್ಟು, "ನೀನು ತೆಗಿತೀಯೇನೇ?" ಎಂದರು.

"ನಾನಾ? ನನ್ ಕೈಲಾಗಲ್ಲಪ್ಪ. ನಿಮ್ ಬೆಕ್ಕು, ನೀವೇ ತೆಗೀರಿ."

ತೆಗೆದರು. ವಾಸನೆ ಬಡಿದದ್ದೇ ತಡ, ಹೊರಗೋಡಿ ಕಳ್ಳಿಯ ಬುಡದಲ್ಲಿ ವಾಂತಿ ಮಾಡಿಕೊಂಡರು. ಬಾಯಿ ತೊಳೆದು ಬಂದು ಮತ್ತೆ ಕೂತರು. ಸುಬ್ಬಿಗೆ ತಟ್ಟೆ ಕಾಣುತ್ತಿರಲಿಲ್ಲ. ಎರಡು ಬೆರಳನ್ನು ಆ ಮುದ್ದೆಯಲ್ಲಿ ಅದ್ದಿ ಅದರ ಬಾಯಿಗೆ ಹಿಡಿದರು. "ನನ್ನ ಮಡಿಗೆ ಇದರ ಕಣ್ಣು ಹೋಯ್ತಲ್ಲೇ," ಎಂದು ಅತ್ತರು. ಹೌದು, ಹೋಯಿತು. ಸುಳ್ಳು ಸಮಾಧಾನ ಹೇಳಲು ನನಗೆ ಮನಸ್ಸಾಗಲಿಲ್ಲ. ಆದರೆ ಊರಿಗೆ ಮರಳುವವರೆಗೂ, ಮರಳಿದ ಮೇಲೂ, ಹೊತ್ತು ಹೊತ್ತಿಗೆ ಆ ಬೆರಳು ಅದ್ದುವುದನ್ನು ಅವರು ಬಿಡಲಿಲ್ಲ. ಸುಬ್ಬಿ ಬದುಕಿಕೊಂಡಿತು.

ಕಳೆದ ಚಳಿಗಾಲದಲ್ಲಿ ಆಂಟಿ ಸ್ಟ್ರೋಕ್ ಆಗಿ ಹೋಗಿಬಿಟ್ಟರು. ವೈಕುಂಠ ಸಮಾರಾಧನೆಗೆ ಬಂದ ನೆಂಟರು ಅಡುಗೆಮನೆಯ ಕಪಾಟಿನಲ್ಲಿ ಮಾಂಸದ ಡಬ್ಬಿಗಳನ್ನು ಕಂಡು ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಛೀ, ಎಂಥಾ ಮಡಿ ಹೆಂಗ್ಸು, ಕೊನೇಲಿ ಹೀಗಾ?" ಎಂದಳು ಅವರ ನಾದಿನಿ. "ಕುರುಡು ಬೆಕ್ಕನ್ನ ಯಾರು ಸಾಕ್ತಾರೆ, ಶೆಲ್ಟರ್‌ಗೆ ಕೊಟ್ಬಿಡೋಣ. ಅಲ್ಲಿ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸ್ತಾರೆ."

ಹೋಳಿಗೆ ಬಾಯಲ್ಲಿಟ್ಟುಕೊಂಡು ಆಡಿದ ಮಾತು. ನನಗೆ ಅಸಹ್ಯವಾಯಿತು. ಎಲೆ ಬಿಟ್ಟು ಎದ್ದು ಸುಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಮನೆಗೆ ಬಂದೆ. ಬರುವ ದಾರಿಯಲ್ಲೇ ಶನಿ ನನ್ನ ಕತ್ತು ಪರಚಿತು.

ಇವತ್ತು ಬೆಳಿಗ್ಗೆ ಡಬ್ಬಿ ತೆಗೆಯುವಾಗಲೂ ವಾಕರಿಕೆ ಬಂತು. ಆಂಟಿಗೂ ಕೊನೆಯವರೆಗೆ ಹೀಗೇ ಆಗುತ್ತಿತ್ತೇನೋ, ನಾನು ಕೇಳಲೇ ಇಲ್ಲ. ಒರಟು ನಾಲಿಗೆಯಿಂದ ಅದು ನನ್ನ ಬೆರಳನ್ನು ನೆಕ್ಕಿ ಮುಗಿಸುವವರೆಗೂ ಮುಖ ಆಚೆ ತಿರುಗಿಸಿಕೊಂಡು ಕೂತಿದ್ದೆ. ಕೈಯನ್ನು ಮಾತ್ರ ಎಳೆದುಕೊಳ್ಳಲಿಲ್ಲ.