ವೈನಿಯ ಒಲೆಯ ಕಾನೂನು

ನಸುಗೆಂಪು ಚುಕ್ಕೆಗಳ ಬಿಳಿ ತೋಳಿಗೆ ಮೊಳಕೈವರೆಗೂ ಜೋಳದ ಹಿಟ್ಟು, ಉಟ್ಟದ್ದು ಇಳಕಲ್ ಸೀರೆ, ಕೊರಳಲ್ಲಿ ಪುಟ್ಟ ಶಿಲುಬೆ, ತಲೆಗೆ ಗದ್ದದಡಿ ಗಂಟು ಹಾಕಿದ ಹೂವಿನ ವಸ್ತ್ರ. ನಮ್ಮ ವೈನಿ ರೊಟ್ಟಿ ಬಡಿಯಲು ಕೂತರೆ ದರ್ಬಾರು ನೆರೆದಂತೆ ಇರುತ್ತಿತ್ತು.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಕೊಚ್ಚಿಯ ಬ್ಯಾಂಕಿನಿಂದ ತಿರುವನಂತಪುರಕ್ಕೆ ವರ್ಗವಾಗಿ ಬಂದೆ. ಅಲ್ಲಿನ ಪಟ್ಟಂ ಬಡಾವಣೆಯಲ್ಲಿ ಪಕ್ಕದ ಮನೆ ವೈನಿಯದು; ಧಾರವಾಡದ ಕಡೆ ಅತ್ತಿಗೆಯನ್ನು ವೈನಿ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಯಜಮಾನರು ಧಾರವಾಡದ ವಿಜ್ಞಾನಿ. ಓದಲು ರೊಮೇನಿಯಾಕ್ಕೆ ಹೋಗಿ ಪದವಿಯೊಂದಿಗೆ ಪತ್ನಿಯನ್ನೂ ಸಂಪಾದಿಸಿದವರು. ಬೀದಿಯವರೆಲ್ಲ ಆಕೆಯನ್ನು ರಷ್ಯದವಳೆಂದು ತೀರ್ಮಾನಿಸಿದ್ದರು. ಯಜಮಾನರು “ರೊಮೇನಿಯಾ” ಎಂದು ತಿದ್ದುವರು. ವೈನಿ ಯಜಮಾನರನ್ನೇ ತಿದ್ದುವರು:

“ರೊಮೇನಿಯಾದಾಗ ಇರೋ ಬಲ್ಗೇರಿಯದವರ್ರೀ ನಾವು. ಬಾನಾತ್ ಸೀಮಿಯೊಳಗ ನಾಕಾರು ಊರಾಗ ಅಷ್ಟ ಇದ್ದೀವಿ. ಹಿರ್ಯಾರು ಊರ ಬಿಟ್ಟು ಇನ್ನೂರ ವರ್ಷ ದಾಟ್ಯಾವ. ಮಾತು ಬಿಟ್ಟಿಲ್ಲ.”

ಒಂದು ಸಾಮ್ರಾಜ್ಯದ ರಾಯಭಾರಿಯೂ ಅಷ್ಟು ಠೀವಿಯಿಂದ ತನ್ನ ಪರಿಚಯ ಹೇಳಿಕೊಂಡದ್ದನ್ನು ನಾನು ಕಂಡಿಲ್ಲ.

ಅವರ ಕನ್ನಡ ಧಾರವಾಡದ ಅತ್ತೆಯ ಅಡುಗೆಮನೆಯಲ್ಲಿ ಕಲಿತದ್ದು. ನನ್ನದು ಅಪ್ಪಟ ಮೈಸೂರಿನದು. ಆದರೆ ಅದು ನನ್ನೊಂದಿಗೇ ಮುಗಿಯುವ ಲಕ್ಷಣವಿತ್ತು. ಕೊಚ್ಚಿಯ ಪಾಲಾರಿವಟ್ಟದಲ್ಲಿ ಬೆಳೆದ ಮಗಳು ಕನ್ನಡವನ್ನು ಅರ್ಥಮಾಡಿಕೊಳ್ಳುವ ಕೃಪೆ ತೋರುತ್ತಿದ್ದಳು, ಉತ್ತರ ಮಾತ್ರ ಮಲಯಾಳದಲ್ಲಿ. ಅಷ್ಟರಲ್ಲಿ ಮೈಸೂರಿನಿಂದ ಅಮ್ಮ ಹೇಳಿಕಳಿಸಿದಳು: “ಕಣ್ಣು ಮಂಜಾಗ್ತಿದೆ ಕಣೋ. ಬೇಸಿಗೆಗೆ ಬರ್ತೀನಿ. ಮಗು ಮುಖ ಕಾಣದಿದ್ರೂ ಮಾತಾದ್ರೂ ಕೇಳ್ತೀನಿ.” ಅಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಇಲ್ಲ. ನಾನೂ ನನ್ನ ಹೆಂಡತಿಯೂ ಗಂಭೀರವಾಗಿ ಸಮಾಲೋಚಿಸಿ, ಸರ್ಕಾರಗಳಂತೆ, ಏನೂ ಮಾಡಲಿಲ್ಲ.

ವೈನಿಗೆ ಹೇಳಿದೆ. “ಸಾಲಿ ಬಿಟ್ಟ ಕೂಡಲೆ ಕಳಸ್ರಿ ಆಕೀನ್ನ” ಎಂದರು.

ಅವರ ತವರಿನಲ್ಲಿ ಒಂದು ಕಾನೂನಿತ್ತಂತೆ. ಶಾಲೆಯಲ್ಲಿ ರೊಮೇನಿಯನ್, ಸಂತೆಯಲ್ಲಿ ಜರ್ಮನ್, ಏನಾದರೂ ಆಡಿ; ಆದರೆ ಒಲೆಯ ಮುಂದೆ ಆ ದಿನದ ಸುದ್ದಿಯನ್ನು ಮನೆಮಾತಿನಲ್ಲಿ ಹೇಳುವವರೆಗೂ ಅಜ್ಜಿ ಬ್ರೆಡ್ ಮುರಿಯುತ್ತಿರಲಿಲ್ಲ. ಆ ಕಾನೂನು ಈಗ ಪಟ್ಟಂನಲ್ಲಿ ಜಾರಿಗೆ ಬಂತು.

“ಹಂಗಾದ್ರ ಹೇಳು, ಇವತ್ತ ಸಾಲ್ಯಾಗ ಏನಾತು?”

“ಒನ್ನುಮಿಲ್ಲ.” ಏನೂ ಇಲ್ಲ ಎಂದು ಮಗಳ ಮಲಯಾಳ.

“ಒನ್ನುಮಿಲ್ಲ ಅಂದ್ರ ರೊಟ್ಟಿನೂ ಇಲ್ಲ.”

ಮಗಳು ಮುನಿದು ಮನೆಗೆ ಬಂದಳು. ಮರುದಿನವೂ ಹಾಗೆಯೇ. ಆದರೆ ಬಿಸಿ ರೊಟ್ಟಿ, ಬೆಣ್ಣೆ, ಶೇಂಗಾ ಚಟ್ನಿಗಳ ಸಂಯುಕ್ತ ಸೈನ್ಯವನ್ನು ಎಷ್ಟು ದಿನ ಎದುರಿಸಿಯಾಳು? ಕೊನೆಗೊಂದು ಸಂಜೆ ಗೋಡೆಯಾಚೆಯಿಂದ ಮಗಳ ದನಿ ಕೇಳಿಸಿತು; ವೈನಿ ಅವಳಿಗೆ ಆಗಲೇ ‘ಕಾಕು’, ಅಂದರೆ ಚಿಕ್ಕಮ್ಮ, ಆಗಿದ್ದರು:

“ಕಾಕು, ಟೀಚರ್ ಕುರ್ಚಿ ಮ್ಯಾಲೆ ಆಡು ಕೂತಿತ್ತು.”

“ಆಡು? ತಗೋ ಅರ್ಧ ರೊಟ್ಟಿ. ಮುಂದೇನಾತು ಹೇಳು, ಉಳದರ್ಧ ಕೊಡತೀನಿ.”

ಬೇಸಿಗೆಯಲ್ಲಿ ಅಮ್ಮ ರೈಲಿನಿಂದ ಇಳಿಯುತ್ತಲೇ ಮಗಳು ಅವಳ ಕೈ ಹಿಡಿದಳು. “ಅಜ್ಜೀ, ಭಾಳ ದಣದೀ ಏನ? ದಾರ್‍ಯಾಗ ಏನೇನಾತು ಹೇಳು, ಆಮ್ಯಾಲೆ ಊಟ!”

ಅಮ್ಮ ಮೊಮ್ಮಗಳ ಮುಖವನ್ನು ಬೆರಳುಗಳಿಂದ ತಡವಿದಳು. “ಇದೇನೋ, ನಿನ್ನ ಮಗಳು ಧಾರವಾಡದವಳ ಹಾಗೆ ಮಾತಾಡ್ತಾಳಲ್ಲೋ! ಯಾರು ಕಲಿಸಿದ್ದು?”

ನಾನು ಎದೆ ಸೆಟೆಸಿ ಹೇಳಿದೆ: “ಬಲ್ಗೇರಿಯದವರು, ಅಮ್ಮ.”

ಅಮ್ಮ ಕೊಂಚ ಯೋಚಿಸಿದಳು. “ಒಳ್ಳೆ ಮನೆತನ” ಎಂದಳು.

ಎಷ್ಟೋ ವರ್ಷಗಳ ಮೇಲೆ, ವೈನಿ ತೀರಿಕೊಂಡ ಸುದ್ದಿ ಬಂದ ದಿನ ನಾನು ಮಗಳ ಮನೆಯಲ್ಲಿದ್ದೆ. ಅವಳು ರೊಟ್ಟಿ ಬೇಯಿಸಿದಳು, ಬಡಿಸಲಿಲ್ಲ. ತಟ್ಟೆಯನ್ನು ತನ್ನ ಬಳಿಯೇ ಇಟ್ಟುಕೊಂಡು ಕೂತಳು.

“ಅಪ್ಪಾ, ಮೊದ್ಲ ಕಾಕು ಸುದ್ದಿ ಹೇಳು.”

ನಾನು ಕುರ್ಚಿಯ ಮೇಲಿನ ಆಡಿನಿಂದ ಶುರು ಮಾಡಿದೆ.