ಯಶೋದಕ್ಕನ ಕೈ ಮತ್ತು ಮುಖ

ಯಶೋದಕ್ಕನನ್ನು ನಮ್ಮ ಧಾರಾವಾಹಿಗೆ ಆರಿಸಿದ್ದು ಆಕೆಯ ಕೈ ನೋಡಿ. ದಾವಣಗೆರೆ ನಿಟ್ಟುವಳ್ಳಿಯ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಹೆಂಗಸು. ಬೆರಳ ತುದಿಯಲ್ಲೆಲ್ಲ ಹಂಚು ತಾಗಿ ಸುಟ್ಟ ಗುರುತು. ಪಿ.ಜೆ. ಬಡಾವಣೆಯಲ್ಲಿ ಮರುಳಸಿದ್ದಮ್ಮನವರ ದೊಡ್ಡ ಮನೆಯನ್ನು ಬಾಡಿಗೆಗೆ ಹಿಡಿದು ಸಾಹುಕಾರರ ಕಥೆ ಚಿತ್ರಿಸುತ್ತಿದ್ದ ನಿರ್ದೇಶಕರಿಗೆ ಅಸಲಿ ಕೆಲಸದವಳ ಕೈ ಬೇಕಿತ್ತು, ಸಿಕ್ಕಿತು. ಮುಖದ ಮಾತು ಅವರು ಎತ್ತಿರಲಿಲ್ಲ.

ನಾನು ಅಲ್ಲಿ ಕ್ಯಾಮೆರಾ ಸಹಾಯಕ, ದಿನಗೂಲಿ. ಮನೆಯಲ್ಲಿ ಮಾತ್ರ ಕ್ಯಾಮೆರಾಮನ್ ಎಂದು ಹೇಳಿಕೊಂಡಿದ್ದೇನೆ. ಮೊದಲು ಹರಿಹರದಲ್ಲಿ ಮದುವೆ ವಿಡಿಯೊ ತೆಗೆಯುತ್ತಿದ್ದೆ. ಬೀಗರ ಕೊರಳ ಸರಕ್ಕೆ ಹತ್ತಿರ ಹೋಗುವುದು, ಎಂಜಲೆಲೆ ಎತ್ತುವವರು ಬಂದರೆ ಕ್ಯಾಮೆರಾ ಆಚೆ ತಿರುಗಿಸುವುದು, ಇಷ್ಟು ನನ್ನ ವಿದ್ಯೆ. ಧಾರಾವಾಹಿಗೂ ಅದೇ ಸಾಕಾಯಿತು.

ಮೊದಲ ಕಂತು ಬರುವ ಸಂಜೆ ಯಶೋದಕ್ಕ ಹರಿಹರದ ತವರಿಗೆ ಹೋಗಿ, ಓಣಿಯವರನ್ನೆಲ್ಲ ಕರೆದು ಟಿವಿ ಮುಂದೆ ಕೂರಿಸಿದ್ದಳಂತೆ. ಟ್ರೇ ಬಂತು, ಎರಡು ಕೈ ಬಂದವು, ಕಾಫಿ ಇಟ್ಟು ಹೋದವು. ಓಣಿಯವರು ಮುಸಿಮುಸಿ ನಕ್ಕರು. ತಾಯಿ ತಿಮ್ಮವ್ವ ಟಿವಿ ಹತ್ತಿರ ಹೋಗಿ ನೋಡಿ ಕೇಳಿದ್ದು ಒಂದೇ ಮಾತು: "ಕೈ ನಿಂದೇ ಬಿಡವ್ವ. ಮಖ ಎಲ್ಲೈತೆ?"

ಮರುದಿನ ಯಶೋದಕ್ಕ ಆ ಪ್ರಶ್ನೆಯನ್ನು ನೇರ ನನ್ನ ಹತ್ತಿರ ತಂದಳು. ನನಗೆ ಪಾಠ ಹೇಳುವ ಚಟ. ಸೋಫಾದಲ್ಲಿ ಕೂತ ಸಾಹುಕಾರ್ತಿಯ ಕಣ್ಣಿಗಿಂತ ಒಂದಿಷ್ಟು ಕೆಳಗೆ ಕ್ಯಾಮೆರಾ ಇಡುತ್ತೇವೆ, ಆಗ ಆಕೆ ದೊಡ್ಡವಳಾಗಿ ಕಾಣುತ್ತಾಳೆ. ಪಕ್ಕದಲ್ಲಿ ನಿಂತವರ ತಲೆ ಚೌಕಟ್ಟಿನಿಂದ ಮೇಲೆ ಹೋಗಿಬಿಡುತ್ತದೆ. ದೂರ ಬಾಗಿಲ ಬಳಿ ನಿಂತರೆ ತಲೆ ಉಳಿಯುತ್ತದೆ, ಆದರೆ ಮಸುಕು, ಯಾಕೆಂದರೆ ಆಕೆ ಇರುವಷ್ಟು ದೂರಕ್ಕೇ ಫೋಕಸ್ ಹಿಡಿದಿರುತ್ತೇವೆ. ಇಷ್ಟನ್ನೂ ನಾನೇ ಕಂಡುಹಿಡಿದವನ ಹಾಗೆ ಹೇಳಿದೆ.

"ಹಂಗಾರೆ ಆಯಮ್ಮನ ಸಮಕ್ಕೆ ಕೂತೋರು ಕಾಣ್ತಾರೆ ಅನ್ನು, ಬಕ್ಕೇಶ."

"ಕಾಣ್ತಾರಕ್ಕ. ಕೆಲಸದೋರನ್ನ ಅಲ್ಲಿ ಯಾರು ಕೂರಿಸ್ತಾರೆ?"

ಆ ವಾರದ ಕೊನೆಗೆ ತಂಡ ಬೆಂಗಳೂರಿನ ಸೆಟ್ಟಿಗೆ ಹೊರಡುವುದಿತ್ತು. ಅಷ್ಟರೊಳಗೆ ಮುಖ ಬರಬೇಕೆಂದು ಯಶೋದಕ್ಕ ಹಟ ಹಿಡಿದಳು. ಕಾಫಿ ಇಡುವಾಗ ಬೇಕೆಂದೇ ಬಗ್ಗಿದಳು. ಸಾಹುಕಾರ್ತಿಯ ಪಾತ್ರ ಮಾಡುವ ಮೇಡಂ ಮೇಲೆ ನೆರಳು ಬೀಳುತ್ತದೆ, ನೆಟ್ಟಗೆ ನಿಲ್ಲಬೇಕು ಎಂದರು ನಿರ್ದೇಶಕರು. ಚಮಚ ಬೀಳಿಸಿ ಎತ್ತಿಕೊಳ್ಳಲು ಕೂತಳು; ಅದನ್ನು ಕತ್ತರಿಸಿ ಬಿಸಾಡಿದರು. ಬೈಸಿಕೊಂಡು ಬಂದು, ಏನೂ ಆಗದವಳ ಹಾಗೆ ಟ್ರೇ ಒರೆಸುತ್ತಿದ್ದಳು. ಅಷ್ಟು ಬೈಗುಳ ನನಗೆ ಬಿದ್ದಿದ್ದರೆ ಮತ್ತೆ ಮದುವೆ ಮನೆಗೆ ಹೋಗಿಬಿಡುತ್ತಿದ್ದೆ.

ಕೊನೆಯ ದಿನ ಅರಿಶಿನ ಕುಂಕುಮದ ದೃಶ್ಯ. ಸಾಹುಕಾರ್ತಿಯೂ ಬೀಗಿತ್ತಿಯೂ ಜಮಖಾನೆ ಮೇಲೆ ಕೂತಿದ್ದರು. ಕ್ಯಾಮೆರಾವನ್ನು ಇನ್ನೂ ತಗ್ಗಿಸಿದೆವು. ಈಗ ನಿಂತ ಕೆಲಸದವಳಿಗೆ ತಲೆಯಿರಲಿ, ಸೊಂಟದ ಮೇಲಿನದೇನೂ ಉಳಿಯುತ್ತಿರಲಿಲ್ಲ. ಯಶೋದಕ್ಕ ತಟ್ಟೆ ಹಿಡಿದು ಬಂದವಳು ಸಾಹುಕಾರ್ತಿಯ ಪಕ್ಕದಲ್ಲಿ, ಜಮಖಾನೆಯ ಮೇಲೇ, ಕಾಲು ಮಡಚಿ ಕೂತುಬಿಟ್ಟಳು.

ನಿರ್ದೇಶಕರು ಚಿತ್ರೀಕರಣ ನಿಲ್ಲಿಸಿ, ಎದ್ದು ನಿಂತು ತಟ್ಟೆ ಹಿಡಿಯಲು ಹೇಳಿದರು. ಆಕೆ ಏಳಲಿಲ್ಲ.

"ಕೂತ ಮುತ್ತೈದೇರಿಗೆ ನಿಂತ್ಕಂಡು ಕುಂಕುಮದ ತಟ್ಟೆ ಹಿಡಿಯಂಗಿಲ್ರಿ ಸರ್. ನಮ್ಮ ಕಡೆ ನೋಡಿದೋರು ನಿಮ್ಮನ್ನ ಆಡ್ಕಂಡು ನಗ್ತಾರೆ. ಬೇಕಂದ್ರೆ ಅಮ್ಮಾರನ್ನ ಕೇಳ್ರಿ."

ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮರುಳಸಿದ್ದಮ್ಮನವರಿಗೆ ಇದು ಸ್ವಂತ ಮನೆಯ ಮರ್ಯಾದೆಯ ಪ್ರಶ್ನೆಯಾಯಿತು. ತಮ್ಮ ಮನೆಯಲ್ಲಿ ಯಾರೂ ಹಾಗೆ ನಿಂತು ಕೊಟ್ಟಿಲ್ಲ ಎಂದರು. ನಿರ್ದೇಶಕರು ಗಡಿಯಾರ ನೋಡಿ, ಕೂತೇ ಇರಲಿ, ಫೋಕಸ್ ಮಾತ್ರ ಮೇಡಂ ಮೇಲಿರಲಿ ಎಂದು ನನಗೆ ಹೇಳಿದರು. ನಾನು ಹಾಗೇ ಮಾಡಿದೆ. ಮೇಡಂ ಎಷ್ಟು ದೂರವೋ ಯಶೋದಕ್ಕನೂ ಅಷ್ಟೇ ದೂರ. ಆಕೆಯ ಮೂಗುತಿಯ ಹರಳು ಕೂಡ ಕಾಣುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಜೀವಮಾನದಲ್ಲಿ ನಾನು ತೋರಿಸಿದ ದೊಡ್ಡ ಧೈರ್ಯ ಅದು.

ಆ ಕಂತು ಬಂದ ಸಂಜೆ ನನ್ನನ್ನೂ ಹರಿಹರಕ್ಕೆ ಕರೆದಿದ್ದಳು. ಓಣಿಯವರು ಈ ಸಲ ನಗಲೆಂದೇ ಸೇರಿದ್ದರು. ಜಮಖಾನೆ ಬಂತು, ತಟ್ಟೆ ಬಂತು, ಹಿಂದೆಯೇ ಯಶೋದಕ್ಕನ ಮುಖ ಬಂತು, ಸಾಹುಕಾರ್ತಿಯ ಮುಖದ ಸಮಕ್ಕೆ, ಅಷ್ಟೇ ಸ್ಪಷ್ಟವಾಗಿ. ಎಲ್ಲರೂ ಟಿವಿ ಹತ್ತಿರಕ್ಕೆ ಜರುಗಿದರು. ಇದು ನಾನು ತೆಗೆದ ಶಾಟು ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ತಿಮ್ಮವ್ವ ಕಣ್ಣು ಕಿರಿದು ಮಾಡಿ ನೋಡಿ ಕೇಳಿದಳು: "ನಮ್ಮ ಯಶೋದನ ಪಕ್ಕದಾಗ ಕುಂತಾಳಲ್ಲ, ಆಯಮ್ಮ ಯಾರು?"

ಯಶೋದಕ್ಕ ತಾಯಿಗೆ ಏನೋ ಹೇಳಿ ನನ್ನತ್ತ ತಿರುಗಿದಳು. ತಂಡ ಮತ್ತೆ ದಾವಣಗೆರೆಗೆ ಯಾವಾಗ ಬರುತ್ತದೆಂದು ಕೇಳಿದಳು. ಮುಂದಿನ ಸಲ ಆಕೆಗೆ ಕ್ಯಾಮೆರಾ ಮುಂದೆ ಆಡಲು ಒಂದು ಮಾತಾದರೂ ಬೇಕಂತೆ.